ರಿವಾಲ್ವರ್‌ನಿಂದ ಕಣಗಳ ಸಿಡಿತ

ರಿವಾಲ್ವರ್‌ನಿಂದ ಗುಂಡು ಹಾರಿಸಿದಾಗ ಸೀಸದ ಚೂರು, ಉರಿಯದೆ ಉಳಿದ ಮದ್ದಿನ ಕಣ ಹಾಗೂ ಬಿಸಿ ಅನಿಲ ಪಕ್ಕಕ್ಕೆ ಅಥವಾ ಹಿಂದಕ್ಕೆ ಚಿಮ್ಮಿ, ಹಾರಿಸುವವರ ಮುಖ ಮತ್ತು ಕೈಗಳಿಗೆ ತಾಗುವುದುಂಟು. ಅಲ್ಪ ಪ್ರಮಾಣದ ಸಿಡಿತ ಈ ಆಯುಧದ ರಚನೆಯಿಂದಲೇ ಉಂಟಾಗುತ್ತದೆ. ಚರ್ಮಕ್ಕೆ ಚುಚ್ಚುವಷ್ಟು ತೀವ್ರವಾದ ಅಥವಾ ಪದೇ ಪದೇ ಆಗುವ ಸಿಡಿತವು ದೋಷದ ಲಕ್ಷಣವಾಗಿದೆ. ಕಣಗಳು ಬರುವ ದಿಕ್ಕು ದೋಷವನ್ನು ಗುರುತಿಸಲು ಮುಖ್ಯ ಸುಳಿವಾಗುತ್ತದೆ.

ರಚನೆ

ಅಮೆರಿಕದ ಸ್ಯಾಮ್ಯುಯೆಲ್ ಕೋಲ್ಟ್ 1836ರಲ್ಲಿ ತನ್ನ ದೇಶದಲ್ಲಿ ರಿವಾಲ್ವರ್‌ಗೆ ಪೇಟೆಂಟ್ ಪಡೆದನು. ಇದರಲ್ಲಿ ತೋಟಾಗಳನ್ನು ತುಂಬುವ ಸಿಲಿಂಡರ್ ತಿರುಗಬೇಕಾದುದರಿಂದ, ಅದಕ್ಕೂ ನಳಿಕೆಗೂ ನಡುವೆ ಕಿರಿದಾದ ಸಂದು ಅನಿವಾರ್ಯ. ಆಧುನಿಕ ರಿವಾಲ್ವರ್‌ಗಳಲ್ಲಿ ಇದು ಸಾಮಾನ್ಯವಾಗಿ 0.1ರಿಂದ 0.2 ಮಿಲಿಮೀಟರ್ ಇರುತ್ತದೆ. ಗುಂಡು ಈ ಸಂದನ್ನು ದಾಟುವಾಗ ಸ್ವಲ್ಪ ಅನಿಲ ಎರಡೂ ಪಕ್ಕಕ್ಕೆ ಸೋರುತ್ತದೆ. ಆದುದರಿಂದ ಬೆರಳನ್ನು ಸಂದಿನ ಬಳಿ ಇಡುವುದಾಗಲಿ, ಆಯುಧದ ಪಕ್ಕದಲ್ಲಿ ನಿಲ್ಲುವುದಾಗಲಿ ಅಪಾಯಕರ. ರಷ್ಯಾದ 1895ರ ನಗಾನ್ ರಿವಾಲ್ವರ್‌ನಲ್ಲಿ ಸಿಲಿಂಡರ್ ಮುಂದಕ್ಕೆ ಸರಿದು ಈ ಸಂದು ಮುಚ್ಚಿಕೊಳ್ಳುತ್ತದೆ.

ಕಾರಣಗಳು

* ಪಕ್ಕಕ್ಕೆ ಸಿಡಿಯುವ ಸೀಸ: ಸಿಲಿಂಡರ್‌ನ ಗೂಡು ನಳಿಕೆಗೆ ನೇರವಾಗಿ ನಿಲ್ಲದಿದ್ದರೆ, ಗುಂಡಿನ ಅಂಚು ನಳಿಕೆಯ ಹಿಂಬದಿಗೆ ಉಜ್ಜಿ ಚೂರುಗಳು ಹಾರುತ್ತವೆ. ಆ ಭಾಗದಲ್ಲಿರುವ ಆಲಿಕೆಯಾಕಾರದ ಫೋರ್ಸಿಂಗ್ ಕೋನ್ ಸವೆದಿದ್ದರೆ ಅಥವಾ ಅದರಲ್ಲಿ ಸೀಸ ಮೆತ್ತಿಕೊಂಡಿದ್ದರೆ ಇದೇ ಪರಿಣಾಮವಾಗುತ್ತದೆ.
* ಹಿಂದಕ್ಕೆ ಬರುವ ಅನಿಲ: ಫೈರಿಂಗ್ ಪಿನ್ ಪ್ರೈಮರನ್ನು ತೂತು ಮಾಡಿದರೆ ಅಥವಾ ತೋಟಾದ ಹಿತ್ತಾಳೆ ಕವಚ ಬಿರಿದರೆ ಅನಿಲ ನೇರವಾಗಿ ಮುಖದತ್ತ ನುಗ್ಗಬಹುದು.
* ಉರಿಯದ ಮದ್ದು: ಹಳೆಯ, ತೇವ ತಗಲಿದ ಅಥವಾ ಗುಂಡು ಸಡಿಲವಾಗಿರುವ ತೋಟಾಗಳಲ್ಲಿ ಮದ್ದು ಪೂರ್ತಿ ಉರಿಯದೆ ಕಣಗಳಾಗಿ ಹೊರಬೀಳುತ್ತದೆ.
* ಗುರಿಯಿಂದ ಮರಳುವ ಚೂರು: ಹತ್ತಿರದ ಉಕ್ಕಿನ ಗುರಿಗೆ ಬಡಿದ ಗುಂಡಿನ ಚೂರುಗಳೂ ಹಿಂದಕ್ಕೆ ಬರುತ್ತವೆ. ಕಾಗದದ ಗುರಿಗೆ ಹಾರಿಸಿದಾಗ ತೊಂದರೆ ಕಾಣದಿದ್ದರೆ ದೋಷ ಆಯುಧದ್ದಲ್ಲ.

ಪತ್ತೆ

ಸಿಲಿಂಡರ್ ತೆರೆದು ಪ್ರತಿಯೊಂದು ಗೂಡೂ ಖಾಲಿಯಿದೆಯೆಂದು ಖಚಿತಪಡಿಸಿಕೊಂಡ ಬಳಿಕವೇ ಪರೀಕ್ಷೆ ಆರಂಭಿಸಬೇಕು. ಸಂದನ್ನು ಫೀಲರ್ ಗೇಜ್‌ನಿಂದ ಅಳೆಯಬಹುದು. ಸಿಲಿಂಡರ್ ಹಿಂದೆ-ಮುಂದೆ ಅಲುಗಾಡುವುದು ಸವೆತದ ಸೂಚನೆ. ಖಾಲಿ ಕವಚಗಳನ್ನು ಹೊರದೂಡುವ ನಕ್ಷತ್ರಾಕಾರದ ಭಾಗದ ಅಡಿಯಲ್ಲಿ ಮಸಿ ಅಥವಾ ಮದ್ದಿನ ಕಣ ಸಿಕ್ಕಿಕೊಂಡರೆ ಸಿಲಿಂಡರ್ ಬಿಗಿಯಾಗಿ ತಿರುಗುತ್ತದೆ. ಇದು ಶುಚಿಗೊಳಿಸಿದರೆ ಸರಿಹೋಗುವ ತೊಂದರೆ. ಒಂದೇ ಗೂಡಿನಿಂದ ಸಿಡಿತವಾದರೆ ದೋಷ ಆ ಗೂಡಿಗೆ ಅಥವಾ ಅದನ್ನು ತಿರುಗಿಸುವ ಹಲ್ಲಿಗೆ ಸೀಮಿತವಾಗಿರಬಹುದು. ಎಲ್ಲ ಗೂಡುಗಳಿಂದಲೂ ಆದರೆ ನಳಿಕೆಯ ಕಡೆಯನ್ನು ಪರಿಶೀಲಿಸಬೇಕು. ಗೂಡು ಮತ್ತು ನಳಿಕೆಯ ನೇರವನ್ನು ಬಂದೂಕು ದುರಸ್ತಿಗಾರರು ಅಳತೆಯ ಸರಳಿನಿಂದ ನೋಡುತ್ತಾರೆ.

ಗುಂಡು ಹಾರಿಸಿದಾಗ ಸದ್ದು ಎಂದಿಗಿಂತ ಕ್ಷೀಣವಾಗಿದ್ದರೆ ಕೂಡಲೇ ನಿಲ್ಲಿಸಬೇಕು. ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿದ್ದು ಮತ್ತೊಂದನ್ನು ಹಾರಿಸಿದರೆ ನಳಿಕೆ ಒಡೆಯಬಹುದು.

ಸುರಕ್ಷತೆ

ರಕ್ಷಣಾ ಕನ್ನಡಕವನ್ನು ಹಾರಿಸುವವರಷ್ಟೇ ಅಲ್ಲದೆ ಸಮೀಪದಲ್ಲಿರುವ ಎಲ್ಲರೂ ಧರಿಸಬೇಕು. ಕಣ್ಣಿಗೆ ಚೂರು ಹೊಕ್ಕಿದ್ದರೆ ಉಜ್ಜದೆ ನೇತ್ರತಜ್ಞರನ್ನು ಕಾಣಬೇಕು. ಸೀಸವು ವಿಷಕಾರಿಯಾದುದರಿಂದ ಊಟಕ್ಕೆ ಮುನ್ನ ಕೈ ತೊಳೆಯುವುದು ಅಗತ್ಯ.

ಭಾರತದಲ್ಲಿ ಕಾನೂನು

1959ರ ಆಯುಧ ಕಾಯ್ದೆಯಂತೆ ರಿವಾಲ್ವರ್ ಇಟ್ಟುಕೊಳ್ಳಲು ಪರವಾನಗಿ ಬೇಕು. ದುರಸ್ತಿಯ ವೃತ್ತಿಗೂ ಪ್ರತ್ಯೇಕ ಪರವಾನಗಿ ಬೇಕು. ನಾಗರಿಕರಿಗೆ ಸಾಮಾನ್ಯವಾಗಿ ದೊರೆಯುವುದು .32 ವ್ಯಾಸದ ರಿವಾಲ್ವರ್. ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗಿ 2014ರಲ್ಲಿ ಬಿಡುಗಡೆಯಾದ ‘ನಿರ್ಭೀಕ್’ ಈ ವರ್ಗಕ್ಕೆ ಸೇರಿದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಗದಗ ಜಿಲ್ಲೆಯಲ್ಲಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯ ನಿವಾಸಿಗಳಿಗೆ ಇಂತಹ ಆಯುಧಗಳ ಪರವಾನಗಿ ಪ್ರಾಧಿಕಾರ ಜಿಲ್ಲಾ ದಂಡಾಧಿಕಾರಿಯವರು. ಚುನಾವಣೆಯ ವೇಳೆ ಆಯುಧಗಳನ್ನು ಠೇವಣಿ ಇಡಲು ಆದೇಶಿಸುವ ವಾಡಿಕೆಯಿದೆ. ಬಹುಕಾಲ ಬಳಸದೆ ಇದ್ದ ರಿವಾಲ್ವರನ್ನು ಮರಳಿ ಪಡೆದಾಗ ತುಕ್ಕು, ಗಟ್ಟಿಯಾದ ಎಣ್ಣೆ ಮತ್ತು ಸಿಲಿಂಡರ್‌ನ ತಿರುಗುವಿಕೆಯನ್ನು ಪರೀಕ್ಷಿಸುವುದು ಸೂಕ್ತ. ನಳಿಕೆ ಅಥವಾ ಸಿಲಿಂಡರನ್ನು ಮನೆಯಲ್ಲಿ ಅರದಿಂದ ಉಜ್ಜಿ ಸರಿಪಡಿಸಲು ಯತ್ನಿಸಿದರೆ ಸಂದು ಇನ್ನಷ್ಟು ಹಿಗ್ಗುತ್ತದೆ.