ಮಗುವಿಗೆ ಕಿವಿ ಕೇಳುತ್ತಾ? ಮ್ಯಾರಿಯನ್ ಡೌನ್ಸ್ ಹಠದ ಕಥೆ

ಎರಡು ವರ್ಷವಾದ್ರೂ ಮಗು ಮಾತಾಡದಿದ್ದರೆ ನಮ್ಮ ಮನೆಗಳಲ್ಲಿ ಏನಂತಾರೆ? "ಅವರಪ್ಪನೂ ಹೀಗೇ, ಮಾತು ತಡ." ಅನುಮಾನ ಜಾಸ್ತಿಯಾದರೆ ಹಿಂದೆ ನಿಂತು ಸ್ಟೀಲ್ ತಟ್ಟೆ ಬಡಿದು ನೋಡ್ತಾರೆ. ಮಗು ತಿರುಗಿತಾ, ಸರಿ, ಕಿವಿ ಚೆನ್ನಾಗಿದೆ! ಆದರೆ ತಟ್ಟೆಯ ಸದ್ದಿಗೆ ತಿರುಗಿದ ಮಗುವಿಗೆ "ಸ", "ಶ" ಅನ್ನೋ ಸಣ್ಣ ಸದ್ದೂ ಕೇಳಿಸುತ್ತೆ ಅಂತೇನಿಲ್ಲ.

ಈ ತಡದ ವಿರುದ್ಧ ದಶಕಗಳ ಕಾಲ ಹೋರಾಡಿದವರು ಅಮೆರಿಕದ ಡೆನ್ವರ್‌ನ ಮ್ಯಾರಿಯನ್ ಡೌನ್ಸ್. ಹುಟ್ಟಿದ್ದು 1914ರಲ್ಲಿ. ಮದುವೆ, ಮಕ್ಕಳು ಎಲ್ಲ ಆದಮೇಲೆ ಮತ್ತೆ ಓದೋಕೆ ಹೋದರು. ವಿಶ್ವವಿದ್ಯಾಲಯದಲ್ಲಿ ಯಾವ ಸಾಲು ಚಿಕ್ಕದಿತ್ತೋ ಅಲ್ಲಿ ಹೋಗಿ ನಿಂತೆ, ಹಾಗೆ ಈ ವಿಷಯ ಸಿಕ್ಕಿತು ಅಂತ ಅವರೇ ಹೇಳ್ತಿದ್ದರು.

ಆಗ ಕಿವುಡುತನ ಗೊತ್ತಾಗ್ತಿದ್ದದ್ದು ಮಗುವಿಗೆ ಎರಡು, ಎರಡೂವರೆ ವರ್ಷ ಆದಮೇಲೆ. ಮಿದುಳು ಭಾಷೆ ಕಲಿಯೋ ಅತಿ ಮುಖ್ಯ ಸಮಯ ಅಷ್ಟರಲ್ಲಿ ಕಳೆದಿರುತ್ತೆ. ಹುಟ್ಟಿದ ಕೂಡಲೇ ಯಾಕೆ ನೋಡಬಾರದು ಅಂತ ಡೌನ್ಸ್ 1960ರ ದಶಕದ ಆರಂಭದಲ್ಲಿ ಡೆನ್ವರ್ ಆಸ್ಪತ್ರೆಗಳಲ್ಲಿ ಪರೀಕ್ಷೆ ಶುರು ಮಾಡಿದರು. ವಿಧಾನ ಬಹಳ ಸರಳ. ಮಗುವಿನ ಕಿವಿಯ ಹತ್ತಿರ ಜೋರು ಸದ್ದು ಮಾಡೋದು, ತರಬೇತಿ ಪಡೆದ ಸ್ವಯಂಸೇವಕಿಯರು ಕಣ್ಣು ಮಿಟುಕಿಸಿತಾ, ಬೆಚ್ಚಿತಾ ಅಂತ ಬರೆದುಕೊಳ್ಳೋದು. 1969ರಲ್ಲಿ 17,000 ಶಿಶುಗಳ ವರದಿ ಹೊರಬಂತು.

ತೊಂದರೆ ಇದ್ದದ್ದು ಲೆಕ್ಕದಲ್ಲಿ. (ನಾನು ಕಾಮರ್ಸ್ ಓದಿದವನು, ಇಲ್ಲಿ ನನಗೆ ಆಡಿಟ್ ನೆನಪಾಗುತ್ತೆ.) ಶಾಶ್ವತ ಶ್ರವಣದೋಷದೊಂದಿಗೆ ಹುಟ್ಟುವ ಮಕ್ಕಳು ಸಾವಿರಕ್ಕೆ ಒಂದರಿಂದ ಮೂರು. ಸಾವಿರದಲ್ಲಿ ಐವತ್ತು ಕೂಸುಗಳು ಗಾಢ ನಿದ್ದೆಯಲ್ಲಿದ್ದು ಬೆಚ್ಚಲಿಲ್ಲ ಅಂದುಕೊಳ್ಳಿ. ಕನಿಷ್ಠ ನಲವತ್ತೇಳು ಮನೆಯವರು ಸುಮ್ಮನೆ ಗಾಬರಿಯಾಗಬೇಕು! ಇನ್ನೊಂದು ಕಡೆ, ಅರ್ಧಂಬರ್ಧ ಕೇಳುವ ಮಗು ಬೆಚ್ಚಿಬಿದ್ದು ಪಾಸಾಗಿಬಿಡುತ್ತೆ.

ಡೌನ್ಸ್ ಇದನ್ನು ಮುಚ್ಚಿಡಲಿಲ್ಲ. ರಾಷ್ಟ್ರಮಟ್ಟದ ಸಮಿತಿ ಬೇಕು ಅಂತ ಒತ್ತಾಯಿಸಿದರು, 1969ರಲ್ಲಿ ಸಮಿತಿ ಆಯ್ತು. ಆ ಸಮಿತಿಯೇ ಎಲ್ಲ ಶಿಶುಗಳಿಗೂ ಈ ಪರೀಕ್ಷೆ ಸದ್ಯಕ್ಕೆ ಬೇಡ ಅಂದುಬಿಟ್ಟಿತು. ಇಡೀ ಕಥೆಯಲ್ಲಿ ನನಗೆ ತುಂಬ ಹಿಡಿಸಿದ ಘಟ್ಟ ಇದು. ತಾವೇ ಕೇಳಿ ಪಡೆದ ಸಮಿತಿ ತಮ್ಮ ಕೆಲಸಕ್ಕೇ ಬ್ರೇಕ್ ಹಾಕಿದರೂ ಡೌನ್ಸ್ ಮುನಿಸಿಕೊಂಡು ಎದ್ದು ಹೋಗಲಿಲ್ಲ. ಮುಂದೆ ಅಪಾಯದ ಪಟ್ಟಿ ಬಂತು: ಕುಟುಂಬದಲ್ಲಿ ಕಿವುಡುತನ, ಗರ್ಭಿಣಿಗೆ ರುಬೆಲ್ಲಾ, ತೀರಾ ಕಡಿಮೆ ತೂಕ, ವಿಪರೀತ ಕಾಮಾಲೆ. ಪಟ್ಟಿಯಲ್ಲಿರೋ ಮಕ್ಕಳನ್ನಷ್ಟೇ ನೋಡಿದರೆ ಕಿವುಡು ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ತಪ್ಪಿಹೋಗ್ತಾರೆ.

ಗಂಟು ಬಿಚ್ಚಿದ್ದು ಲಂಡನ್‌ನಲ್ಲಿ. ಆರೋಗ್ಯವಂತ ಒಳಕಿವಿ ಸದ್ದು ಕೇಳಿದಾಗ ತಾನೂ ಒಂದು ಸಣ್ಣ ಸದ್ದು ಹೊರಡಿಸುತ್ತೆ ಅಂತ 1978ರಲ್ಲಿ ಡೇವಿಡ್ ಕೆಂಪ್ ತೋರಿಸಿದರು. ಕಿವಿಗೆ ಪುಟ್ಟ ಪ್ರೋಬ್ ಇಟ್ಟು, ಟಿಕ್ ಟಿಕ್ ಸದ್ದು ಬಿಟ್ಟು, ಅದರಲ್ಲೇ ಇರೋ ಮೈಕಿನಿಂದ ಉತ್ತರ ಹಿಡಿಯಬಹುದು. ಇದೇ ಓಎಇ ಪರೀಕ್ಷೆ. ಮಗು ನಿದ್ದೆ ಮಾಡ್ತಿದ್ದರೆ ಇನ್ನೂ ಒಳ್ಳೇದು!

1998ರಲ್ಲಿ ಡೌನ್ಸ್ ಇದ್ದ ಕೊಲೊರಾಡೊದಿಂದಲೇ ಪುರಾವೆ ಬಂತು. ಕ್ರಿಸ್ಟೀನ್ ಯೋಶಿನಾಗ-ಇಟಾನೊ ತಂಡದ ಅಧ್ಯಯನದಲ್ಲಿ, ಆರು ತಿಂಗಳೊಳಗೆ ದೋಷ ಪತ್ತೆಯಾದ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಸ್ಪಷ್ಟವಾಗಿ ಮುಂದಿತ್ತು. ಮನೆಯಲ್ಲಿ ಬಳಸೋದು ಮಾತಾಗಲಿ, ಸನ್ನೆ ಭಾಷೆಯಾಗಲಿ, ಈ ಲಾಭ ಇದ್ದೇ ಇತ್ತು. ಡೌನ್ಸ್‌ಗೆ ಆಗ 84. ತೊಂಬತ್ತಾದಾಗ ವಿಮಾನದಿಂದ ಸ್ಕೈಡೈವ್ ಮಾಡಿದರು, ಆ ಮಾತು ಬೇರೆ. 2014ರಲ್ಲಿ ನೂರು ತುಂಬಿಸಿ ಹೋದರು.

ನಮ್ಮಲ್ಲಿ ಸೋದರಮಾವ, ಅತ್ತೆಮಗ ಅಂತ ರಕ್ತಸಂಬಂಧದಲ್ಲಿ ಮದುವೆ ಇನ್ನೂ ನಡೀತಿದೆ, ಅದರಿಂದ ಹುಟ್ಟು ಕಿವುಡುತನದ ಅಪಾಯ ಹೆಚ್ಚು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ನವಜಾತ ಶಿಶುಗಳ ಪರೀಕ್ಷೆಯನ್ನೂ ಮಾಡುತ್ತೆ. ಆದರೆ ದೇಶದ ಎಲ್ಲ ಹೆರಿಗೆ ಆಸ್ಪತ್ರೆಗಳಲ್ಲೂ ಇದು ತಾನಾಗೇ ಆಗಲ್ಲ. ಹಾಗಾಗಿ ಅಕ್ಕನದೋ ಅತ್ತಿಗೆಯದೋ ಹೆರಿಗೆಯಾದರೆ, ಡಿಸ್ಚಾರ್ಜ್‌ಗೆ ಮುಂಚೆ ನರ್ಸನ್ನು ಕೇಳಿ: "ಸಿಸ್ಟರ್, ಮಗುಗೆ ಓಎಇ ಮಾಡಿದ್ರಾ?"