ಮೂಳೆಯಲ್ಲಿ ಕೀವೋ, ಕ್ಯಾನ್ಸರ್ ಗಡ್ಡೆಯೋ? ಯೂಯಿಂಗ್ ಸಾರ್ಕೋಮಾ ಗುರುತಿಸುವ ಬಗೆ

ಹನ್ನೆರಡು-ಹದಿನಾಲ್ಕು ವರ್ಷದ ಮಗುವಿನ ತೊಡೆ ಊದಿಕೊಂಡಿದೆ. ಮುಟ್ಟಿದರೆ ಬಿಸಿ, ಆಗಾಗ ಜ್ವರ, ರಕ್ತಪರೀಕ್ಷೆಯಲ್ಲಿ ಬಿಳಿಯ ರಕ್ತಕಣಗಳ ಸಂಖ್ಯೆ ಏರಿದೆ. ಇಷ್ಟನ್ನು ಕೇಳಿದವರು ಮೂಳೆಯೊಳಗೆ ಕೀವಾಗಿದೆ ಎಂದೇ ಊಹಿಸುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಆ ಊಹೆ ಸರಿಯಾಗಿಯೇ ಇರುತ್ತದೆ. ಆದರೆ ಇದೇ ಲಕ್ಷಣಗಳೊಂದಿಗೆ ಬರುವ ಮತ್ತೊಂದು ರೋಗವಿದೆ. ಅದು ಯೂಯಿಂಗ್ ಸಾರ್ಕೋಮಾ ಎಂಬ ವಿರಳವಾದ ಮೂಳೆ ಕ್ಯಾನ್ಸರ್. ಮುಖ್ಯವಾಗಿ ಹತ್ತರಿಂದ ಇಪ್ಪತ್ತರ ಹರೆಯದವರನ್ನು ಕಾಡುವ ಈ ರೋಗವನ್ನು ಸೋಂಕೆಂದು ಭಾವಿಸಿ ಕಳೆದುಬಿಡುವ ತಿಂಗಳುಗಳಿಗೆ ತೆರಬೇಕಾದ ಬೆಲೆ ಕೆಲವೊಮ್ಮೆ ಒಂದು ಕಾಲು, ಕೆಲವೊಮ್ಮೆ ಜೀವ.

ಅಮೆರಿಕದ ರೋಗನಿದಾನ ತಜ್ಞ ಜೇಮ್ಸ್ ಯೂಯಿಂಗ್ ಈ ಗಡ್ಡೆಯನ್ನು ಪ್ರತ್ಯೇಕ ರೋಗವೆಂದು ವಿವರಿಸಿದ್ದು 1921ರಲ್ಲಿ. ಅವರ ಗಮನ ಸೆಳೆದದ್ದು ಮುಂದೋಳಿನ ಮೂಳೆಯಲ್ಲಿ ಗಡ್ಡೆಯಿದ್ದ 14 ವರ್ಷದ ಬಾಲಕಿಯ ಪ್ರಕರಣ. ಕಾಕತಾಳೀಯವೆಂಬಂತೆ ಅದೇ ವರ್ಷ ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಅವರ ಹೆಸರಿನ ಕ್ಷಯರೋಗ ಆಸ್ಪತ್ರೆ ಆರಂಭವಾಯಿತು. ಇಂದಿಗೂ ಜನ ಅದನ್ನು ಪಿ.ಕೆ.ಟಿ.ಬಿ. ಎಂದೇ ಕರೆಯುತ್ತಾರೆ. ರಾಜಮನೆತನವನ್ನೂ ಬಿಡದ ಕ್ಷಯದ ನೆನಪು ಈ ಭಾಗದ ಜನರಲ್ಲಿ ಆಳವಾಗಿದೆ. ವಾಸಿಯಾಗದ ಬಾವು ಕಂಡಾಗ ರೋಗಿಯ ಮನೆಯವರಿಗೂ ವೈದ್ಯರಿಗೂ ಮೊದಲು ಕ್ಷಯವೇ ನೆನಪಾಗುವುದರಲ್ಲಿ ಆಶ್ಚರ್ಯವಿಲ್ಲ. ಪಾಶ್ಚಾತ್ಯ ದೇಶಗಳ ಅಂಕಿ-ಅಂಶಗಳಂತೆ ಇಪ್ಪತ್ತು ವರ್ಷದೊಳಗಿನ ಹತ್ತು ಲಕ್ಷ ಮಂದಿಯಲ್ಲಿ ವರ್ಷಕ್ಕೆ ಸುಮಾರು ಮೂವರಿಗಷ್ಟೇ ಯೂಯಿಂಗ್ ಸಾರ್ಕೋಮಾ ಬರುತ್ತದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರೊಬ್ಬರು ತಮ್ಮ ಇಡೀ ಸೇವಾವಧಿಯಲ್ಲಿ ಇಂತಹ ಒಂದು ಪ್ರಕರಣವನ್ನೂ ನೋಡದಿರಬಹುದು. ಕೀವು ಮತ್ತು ಕ್ಷಯವನ್ನಾದರೋ ಅವರು ಸದಾ ನೋಡುತ್ತಿರುತ್ತಾರೆ. ತಪ್ಪಿನ ಮೂಲ ಅಜಾಗರೂಕತೆಗಿಂತ ಹೆಚ್ಚಾಗಿ ಈ ಲೆಕ್ಕದಲ್ಲಿದೆ.

ಹಾಗಾದರೆ ಬೇರ್ಪಡಿಸುವುದು ಹೇಗೆ? ಮೊದಲ ಸುಳಿವು ಕಾಲಾವಧಿ. ಬ್ಯಾಕ್ಟೀರಿಯಾದಿಂದ ಮೂಳೆಯೊಳಗೆ ಕೀವು ತುಂಬುವ ಆಸ್ಟಿಯೋಮೈಲೈಟಿಸ್ ಮಕ್ಕಳಲ್ಲಿ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಉಲ್ಬಣಿಸುತ್ತದೆ. ಮಗು ಕಾಲೂರಲು ನಿರಾಕರಿಸುತ್ತದೆ, ಜ್ವರ ತೀವ್ರವಾಗಿರುತ್ತದೆ. ತಕ್ಕ ಆಂಟಿಬಯಾಟಿಕ್ ಕೊಟ್ಟರೆ ದಿನಗಳೊಳಗೆ ಇಳಿಮುಖವಾಗುತ್ತದೆ. ಯೂಯಿಂಗ್ ಸಾರ್ಕೋಮಾದ ನೋವು ವಾರಗಟ್ಟಲೆ, ತಿಂಗಳುಗಟ್ಟಲೆ ಬಂದುಹೋಗುತ್ತಾ ಕ್ರಮೇಣ ಬಿಡದಂತಾಗುತ್ತದೆ. ರಾತ್ರಿ ಎಚ್ಚರಗೊಳಿಸುತ್ತದೆ. ಜ್ವರ ತಾನಾಗಿಯೇ ಇಳಿಯುವುದೂ ಉಂಟು. ಆಗ ಔಷಧಿ ಫಲಿಸಿತೆಂಬ ಭ್ರಮೆ ಮೂಡಿ ಮತ್ತೊಂದು ತಿಂಗಳು ಕಳೆದುಹೋಗುತ್ತದೆ.

ಎರಡನೆಯದು ಸ್ಥಳ. ಸೋಂಕು ಉದ್ದ ಮೂಳೆಗಳ ತುದಿಯ ಸಮೀಪ ಆರಂಭವಾಗುವುದು ಹೆಚ್ಚು. ಯೂಯಿಂಗ್ ಗಡ್ಡೆ ಮೂಳೆಯ ನಡುಭಾಗವನ್ನು, ಸೊಂಟದ ಚಪ್ಪಟೆ ಮೂಳೆಗಳನ್ನು, ಪಕ್ಕೆಲುಬುಗಳನ್ನು ಹಿಡಿಯುತ್ತದೆ. ಹರೆಯದವರಲ್ಲಿ ಇದಕ್ಕಿಂತ ಹೆಚ್ಚಾಗಿ ಕಾಣುವ ಮತ್ತೊಂದು ಮೂಳೆ ಕ್ಯಾನ್ಸರ್ ಆಸ್ಟಿಯೋಸಾರ್ಕೋಮಾ ಬಹುತೇಕ ಮೊಣಕಾಲಿನ ಆಸುಪಾಸಿನಲ್ಲಿ, ಮೂಳೆಯ ತುದಿಯತ್ತ ಹುಟ್ಟುತ್ತದೆ. ಕ್ಷ-ಕಿರಣ ಚಿತ್ರದಲ್ಲಿ ಅದು ಸೂರ್ಯಕಿರಣಗಳಂತೆ ಹೊರಚಾಚಿದ ಹೊಸ ಮೂಳೆಯಾಗಿ ಕಾಣುವುದುಂಟು. ಯೂಯಿಂಗ್ ಗಡ್ಡೆಯಲ್ಲಿ ಮೂಳೆಯ ಹೊರಪೊರೆ ಈರುಳ್ಳಿ ಸಿಪ್ಪೆಯಂತೆ ಪದರಪದರವಾಗಿ ಕಾಣುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಕೀವಾದ ಮೂಳೆಯಲ್ಲೂ ಅದೇ ಈರುಳ್ಳಿ ಸಿಪ್ಪೆ ಕಾಣಿಸಿಕೊಳ್ಳಬಲ್ಲದು! ಎಂ.ಆರ್.ಐ. ಸ್ಕ್ಯಾನ್‌ನಲ್ಲಿ ಮೂಳೆಯಿಂದ ಹೊರಗೆ ಮಾಂಸಖಂಡದತ್ತ ಬೆಳೆದ ದೊಡ್ಡ ಗಡ್ಡೆ ಕಂಡರೆ ಕ್ಯಾನ್ಸರ್ ಶಂಕೆ ಬಲಗೊಳ್ಳುತ್ತದೆ. ಆದರೂ ಯಾವ ಚಿತ್ರವೂ ಅಂತಿಮ ತೀರ್ಪು ನೀಡದು.

ಮೂಳೆ ಕ್ಷಯದ ವಿಷಯ ಇನ್ನೂ ಸೂಕ್ಷ್ಮ. ಅದೂ ನಿಧಾನವಾಗಿಯೇ ಬೆಳೆಯುತ್ತದೆ, ಅದರಲ್ಲೂ ತೂಕ ಇಳಿಯುತ್ತದೆ, ಜ್ವರವಿರುತ್ತದೆ. ಕ್ಷಯ ಹೆಚ್ಚಾಗಿ ಬೆನ್ನುಮೂಳೆಯನ್ನೂ ಸೊಂಟ, ಮೊಣಕಾಲಿನಂತಹ ಕೀಲುಗಳನ್ನೂ ಹಿಡಿಯುತ್ತದೆ. ತೊಡೆಮೂಳೆಯ ನಡುಭಾಗದಲ್ಲಷ್ಟೇ ಕಾಣಿಸುವ ಕ್ಷಯ ವಿರಳ. ಅಂಗಾಂಶ ಪರೀಕ್ಷೆ ಮಾಡಿಸದೆ ಊಹೆಯ ಮೇಲೆ ಕ್ಷಯದ ಗುಳಿಗೆ ಆರಂಭಿಸುವುದು ಅಪಾಯಕಾರಿ. ಮೂಳೆ ಕ್ಷಯದ ಚಿಕಿತ್ಸೆ ವರ್ಷದವರೆಗೂ ನಡೆಯುವಂಥದ್ದು. ತಾಳ್ಮೆ ವಹಿಸಿ ಎಂದು ರೋಗಿಗೆ ಹೇಳುವುದು ಅಲ್ಲಿ ಸಹಜ. ಅದೇ ತಾಳ್ಮೆ ಇಲ್ಲಿ ಶತ್ರುವಾಗುತ್ತದೆ.

ಹೆಗ್ಗಡದೇವನಕೋಟೆ, ಚಾಮರಾಜನಗರ ಭಾಗದ ಬುಡಕಟ್ಟು ಸಮುದಾಯಗಳಲ್ಲಿ ಕಂಡುಬರುವ ಕುಡಗೋಲು ಕಣ ರಕ್ತಹೀನತೆಯೂ ಮೂಳೆಗಳಲ್ಲಿ ತೀವ್ರ ನೋವು, ಬಾವು ತರುತ್ತದೆ. ಸರಳ ರಕ್ತಪರೀಕ್ಷೆಯಿಂದ ಅದನ್ನು ತಿಳಿಯಬಹುದು. ಐದು ವರ್ಷದೊಳಗಿನ ಮಕ್ಕಳಲ್ಲಾದರೆ ರಕ್ತದ ಕ್ಯಾನ್ಸರ್ ಅಥವಾ ಬೇರೆಡೆಯ ಗಡ್ಡೆ ಮೂಳೆಗೆ ಹರಡಿರುವ ಸಾಧ್ಯತೆಯನ್ನು ಮೊದಲು ನೋಡಬೇಕಾಗುತ್ತದೆ. ಇನ್ನು ಬೆಳವಣಿಗೆಯ ನೋವೆಂದು ಮನೆಗಳಲ್ಲಿ ಕರೆಯುವ ನೋವು ಎರಡೂ ಕಾಲುಗಳಲ್ಲಿ ಸಂಜೆ ಅಥವಾ ರಾತ್ರಿ ಬಂದು ಬೆಳಗಾಗುವಷ್ಟರಲ್ಲಿ ಮಾಯವಾಗುತ್ತದೆ. ಬಾವು ಇರುವುದಿಲ್ಲ, ಮಗು ಕುಂಟುವುದಿಲ್ಲ. ಒಂದೇ ಕಡೆ, ಒಂದೇ ಜಾಗದಲ್ಲಿ ವಾರಗಟ್ಟಲೆ ನಿಲ್ಲುವ ನೋವು ಬೆಳವಣಿಗೆಯ ನೋವಲ್ಲ.

ಕೊನೆಯ ಮಾತು ಬಯಾಪ್ಸಿಯದು. ಇಲ್ಲೇ ಹಳೆಯ ಭಯವೊಂದು ಅಡ್ಡ ಬರುತ್ತದೆ: ಗಡ್ಡೆಗೆ ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂಬುದು. ಸರಿಯಾದ ಕ್ರಮದಲ್ಲಿ ಮಾಡಿದ ಬಯಾಪ್ಸಿಯಿಂದ ರೋಗ ಹರಡುವ ಸಾಧ್ಯತೆ ತೀರಾ ಕಡಿಮೆ. ಆದರೆ ಆ ಭಯದಲ್ಲಿ ಸತ್ಯದ ಒಂದು ಎಳೆ ಇಲ್ಲದಿಲ್ಲ. ಸೂಜಿ ಹಾದುಹೋದ ದಾರಿಯಲ್ಲಿ ಕ್ಯಾನ್ಸರ್ ಕಣಗಳು ಉಳಿಯಬಹುದಾದ್ದರಿಂದ, ಮುಂದೆ ಶಸ್ತ್ರಚಿಕಿತ್ಸೆಯಲ್ಲಿ ಆ ದಾರಿಯನ್ನೂ ಗಡ್ಡೆಯೊಡನೆ ಕತ್ತರಿಸಿ ತೆಗೆಯಬೇಕಾಗುತ್ತದೆ. ಕೀವೆಂದು ತಿಳಿದು ಅಡ್ಡಲಾಗಿ ಕೊಯ್ದು ಬಿಟ್ಟರೆ, ಉಳಿಸಬಹುದಾಗಿದ್ದ ಕಾಲನ್ನು ಕಳೆದುಕೊಳ್ಳಬೇಕಾದೀತು. ಸಣ್ಣ ಪೆಟ್ಟಿಗೇ ಮುರಿದ ಮೂಳೆಗೆ ಕಾರಣ ಹುಡುಕದೆ ಒಳಗೆ ಸರಳು ತೂರಿಸಿದಾಗಲೂ ಹೀಗೆಯೇ. ಆದ್ದರಿಂದ ಮುಂದಿನ ಶಸ್ತ್ರಚಿಕಿತ್ಸೆ ಎಲ್ಲಿ ನಡೆಯುವುದೋ ಅಲ್ಲಿಯೇ, ಅದನ್ನು ಮಾಡುವ ತಂಡದ ಸಲಹೆಯಂತೆಯೇ ಬಯಾಪ್ಸಿ ಆಗಬೇಕೆಂಬುದು ತಜ್ಞರ ಒಮ್ಮತ.

ಈ ಗಡ್ಡೆಯನ್ನು ಚುಚ್ಚಿದಾಗ ಕೆಲವೊಮ್ಮೆ ಕೀವಿನಂತಹ ದ್ರವವೇ ಹೊರಬರುತ್ತದೆ. ಗಡ್ಡೆಯ ಸತ್ತ ಭಾಗ ಕರಗಿ ಹಾಗಾಗಿರುತ್ತದೆ. ಅದನ್ನು ಕಂಡು ಸಮಾಧಾನಗೊಂಡು ಚೆಲ್ಲಿಬಿಟ್ಟರೆ ಉತ್ತರವನ್ನೇ ಚೆಲ್ಲಿದಂತೆ. ಕೀವನ್ನು ಗಡ್ಡೆಯ ಪರೀಕ್ಷೆಗೂ, ಗಡ್ಡೆಯನ್ನು ಕೀವಿನ ಪರೀಕ್ಷೆಗೂ ಕಳುಹಿಸಬೇಕೆಂಬುದು ಮೂಳೆ ವೈದ್ಯರಲ್ಲಿ ಹಳೆಯ ನಿಯಮ. ಇದಕ್ಕಾಗಿ ಮಾದರಿಯನ್ನು ಎರಡಾಗಿ ವಿಂಗಡಿಸಬೇಕು. ಇಡೀ ಮಾದರಿಯನ್ನು ಫಾರ್ಮಲಿನ್‌ನಲ್ಲಿ ಮುಳುಗಿಸಿಬಿಟ್ಟರೆ ರೋಗಾಣುಗಳನ್ನು ಬೆಳೆಸಿ ನೋಡಲು ಸಾಧ್ಯವೇ ಇಲ್ಲ.

ಸೂಕ್ಷ್ಮದರ್ಶಕದಡಿ ಯೂಯಿಂಗ್ ಗಡ್ಡೆ ಒತ್ತೊತ್ತಾದ, ದುಂಡನೆಯ, ನೀಲಿ ಬಣ್ಣ ಹೀರಿದ ಸಣ್ಣ ಕಣಗಳ ರಾಶಿ. ಲಿಂಫೋಮಾ ಮತ್ತು ಇನ್ನೂ ಕೆಲವು ಗಡ್ಡೆಗಳೂ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತವೆ. ಸಿ.ಡಿ. 99 ಎಂಬ ಪ್ರೋಟೀನಿನ ಪರೀಕ್ಷೆ ನೆರವಾಗುತ್ತದೆ, ಆದರೆ ಕೆಲವು ಲಿಂಫೋಮಾಗಳೂ ಅದರಲ್ಲಿ ಉತ್ತೀರ್ಣವಾಗುತ್ತವೆ. ನಿರ್ಣಾಯಕವಾದುದು ವಂಶವಾಹಿ ಪರೀಕ್ಷೆ. ಶೇ. 85ರಷ್ಟು ಪ್ರಕರಣಗಳಲ್ಲಿ 11 ಮತ್ತು 22ನೇ ಕ್ರೋಮೋಸೋಮ್‌ಗಳ ತುಣುಕುಗಳು ಅದಲುಬದಲಾಗಿರುತ್ತವೆ. ಈ ಅದಲುಬದಲು ತಂದೆ-ತಾಯಿಯಿಂದ ಬಂದದ್ದಲ್ಲ, ಗಡ್ಡೆಯ ಕಣಗಳಲ್ಲಿ ಮಾತ್ರ ಸಂಭವಿಸಿದ್ದು. ಯಾರದೋ ದೋಷವೆಂದು ಮನೆಮಂದಿ ಕೊರಗಬೇಕಿಲ್ಲ. ಗಟ್ಟಿ ಮೂಳೆಯನ್ನು ಮೆದುಗೊಳಿಸಲು ಬಳಸುವ ತೀಕ್ಷ್ಣ ಆಮ್ಲ ಈ ಪರೀಕ್ಷೆಯನ್ನು ಕೆಡಿಸುವುದರಿಂದ, ಮಾದರಿಯ ಮೃದು ಭಾಗವನ್ನು ಆಮ್ಲಕ್ಕೆ ಹಾಕದೆ ತೆಗೆದಿರಿಸುವುದು ಜಾಣತನ.

ಆಟದಲ್ಲಿ ಬಿದ್ದ ನೆನಪು ಯಾವ ಮಗುವಿಗೆ ಇರುವುದಿಲ್ಲ? ಆ ನೆನಪಿನ ಮೇಲೆ ಉಳುಕೆಂದು ಎಣ್ಣೆ ಹಚ್ಚಿ ನೀವಿಸುವುದು, ನಾಟಿ ವೈದ್ಯರಲ್ಲಿ ಪಟ್ಟು ಹಾಕಿಸುವುದು ಹಳ್ಳಿಗಳಲ್ಲಷ್ಟೇ ಅಲ್ಲ, ನಗರದಲ್ಲೂ ನಡೆದೇ ಇದೆ. ಪೆಟ್ಟಿನಿಂದ ಕ್ಯಾನ್ಸರ್ ಬರುವುದಿಲ್ಲ. ಇದ್ದ ಗಡ್ಡೆ ಪೆಟ್ಟಿನ ನೆಪದಲ್ಲಿ ಕಣ್ಣಿಗೆ ಬೀಳುತ್ತದೆ. ಕಾರಣ ತಿಳಿಯದ ಬಾವನ್ನು ಒತ್ತಿ ನೀವುವುದು ಸಲ್ಲದು. ಎರಡು-ಮೂರು ವಾರ ಮೀರಿದ ನೋವು ಬಾವಿಗೆ ಎಕ್ಸ್-ರೇ ಅಗತ್ಯ.

ಬೇಗ ಪತ್ತೆಯಾದರೆ ಏನು ಲಾಭ ಎಂಬುದಕ್ಕೆ ಅಂಕಿಗಳೇ ಉತ್ತರ. ಕಿಮೋಥೆರಪಿ ಇಲ್ಲದ ಕಾಲದಲ್ಲಿ ಹತ್ತರಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ. ಈಗ ರೋಗ ಒಂದೇ ಕಡೆ ಇದ್ದಾಗ ಪೂರ್ಣ ಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇ. 70 ಮಂದಿ ಐದು ವರ್ಷ ದಾಟುತ್ತಾರೆಂದು ಮುಂದುವರಿದ ದೇಶಗಳ ಅನುಭವ ಹೇಳುತ್ತದೆ. ಶ್ವಾಸಕೋಶಕ್ಕೋ ಬೇರೆ ಮೂಳೆಗೋ ಹರಡಿದ್ದರೆ ಆ ಪ್ರಮಾಣ ಶೇ. 30ರ ಆಸುಪಾಸಿಗೆ ಕುಸಿಯುತ್ತದೆ. ಮೊದಲು ಕಿಮೋಥೆರಪಿ, ಬಳಿಕ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ, ಮತ್ತೆ ಕಿಮೋಥೆರಪಿ ಎಂದು ಚಿಕಿತ್ಸೆ ಹಲವು ತಿಂಗಳು ಸಾಗುತ್ತದೆ.

ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗಿನ ರೋಗಿಗಳು ಸಾಮಾನ್ಯವಾಗಿ ಮೊದಲು ಬರುವುದು ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆಗೆ. ನಗರದಲ್ಲಿ ಖಾಸಗಿ ಕ್ಯಾನ್ಸರ್ ಆಸ್ಪತ್ರೆಗಳೂ ಇವೆ. ಹೆಚ್ಚಿನ ಚಿಕಿತ್ಸೆಗೆ 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಹೋಗುವವರು ಅನೇಕರು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಗಳಿಗೆ ಕ್ಯಾನ್ಸರ್ ಚಿಕಿತ್ಸೆಯ ವೆಚ್ಚಕ್ಕೆ ನೆರವು ದೊರೆಯುತ್ತದೆ. ಊರು ಬದಲಿಸುವಾಗ ಬರೀ ವರದಿಯ ಹಾಳೆ ಸಾಲದು. ಮೊದಲಿನ ಎಕ್ಸ್-ರೇ ಫಿಲ್ಮುಗಳು, ಎಂ.ಆರ್.ಐ. ಸಿ.ಡಿ. ಹಾಗೂ ಬಯಾಪ್ಸಿ ಆಗಿದ್ದರೆ ಪ್ರಯೋಗಾಲಯದಲ್ಲಿರುವ ಗಾಜಿನ ಸ್ಲೈಡುಗಳು ಮತ್ತು ಮಾದರಿಯನ್ನು ಹುದುಗಿಸಿಟ್ಟ ಮೇಣದ ಬ್ಲಾಕುಗಳನ್ನು ಕೇಳಿ ಪಡೆದು ಒಯ್ಯಬೇಕು. ಬ್ಲಾಕುಗಳಿದ್ದರೆ ಎರಡನೇ ಬಾರಿ ಚುಚ್ಚದೆಯೇ ಮರುಪರೀಕ್ಷೆ ನಡೆಸಲು ಅನೇಕ ವೇಳೆ ಸಾಧ್ಯವಾಗುತ್ತದೆ.