ಚಕ್ಕೋತ: ದೇವನಹಳ್ಳಿಯಲ್ಲೊಂದು ಅರ್ಥ, ಯೂರೋಪಿನಲ್ಲಿ ಹಲವು

ಭೌಗೋಳಿಕ ಸೂಚಕ ಮಾನ್ಯತೆ ಪಡೆದ ದೇವನಹಳ್ಳಿಯ ಚಕ್ಕೋತಕ್ಕೆ ಸಸ್ಯಶಾಸ್ತ್ರದಲ್ಲಿ ಸಿಟ್ರಸ್ ಮ್ಯಾಕ್ಸಿಮಾ ಎಂದು ಹೆಸರು. ಹಿಂದಿಯ 'ಚಕೋತರಾ' ಈ ಪದದ ಬಂಧು. ಯೂರೋಪಿನಲ್ಲಿ ಮಾತ್ರ ಇದರ ಹೆಸರು ಗೋಜಲಾಗಿದೆ. ಇಂಗ್ಲಿಷಿನಲ್ಲಿ 'ಪೊಮೆಲೊ' ಎಂದರೆ ಚಕ್ಕೋತ. ಸ್ಪ್ಯಾನಿಷ್‌ನಲ್ಲಿ ಅದೇ ಪದಕ್ಕೆ ಸಾಮಾನ್ಯವಾಗಿ ಗ್ರೇಪ್‌ಫ್ರೂಟ್ ಎಂಬರ್ಥ. ಡಚ್ಚರ 'ಪೊಂಪೆಲ್‌ಮೂಸ್' ಫ್ರೆಂಚಿಗೆ ಹೋಗಿ 'ಪಾಂಪ್ಲ್‌ಮೂಸ್' ಆಯಿತು. ಪ್ಯಾರಿಸ್‌ನ ಮಾರುಕಟ್ಟೆಯಲ್ಲಿ ಅದೂ ಗ್ರೇಪ್‌ಫ್ರೂಟೇ. ಇಟಲಿಯ 'ಪೊಂಪೆಲ್ಮೊ' ಕೂಡ ಹಾಗೆಯೇ. ಡಚ್ ಪದದ ಮೂಲ ಕುಂಬಳಕಾಯಿಯನ್ನು ಸೂಚಿಸುವ 'ಪೊಂಪೂನ್' ಎಂದು ಕೆಲವರು, ತಮಿಳಿನ 'ಪಂಬಳಿಮಾಸು' ಎಂದು ಕೆಲವರು ವಾದಿಸುತ್ತಾರೆ.

ಗೊಂದಲಕ್ಕೆ ಕಾರಣವುಂಟು: ಗ್ರೇಪ್‌ಫ್ರೂಟ್ ಎಂಬುದು ಚಕ್ಕೋತ ಮತ್ತು ಕಿತ್ತಳೆಗಳ ಬೆರಕೆ, 18ನೇ ಶತಮಾನದಲ್ಲಿ ಬಾರ್ಬಡೋಸ್‌ನಲ್ಲಿ ಗುರುತಿಸಲ್ಪಟ್ಟಿತು. ಮಗುವಿಗೆ ಹೆತ್ತವರ ಹೆಸರೇ ಅಂಟಿಕೊಂಡಿತು.

ದೇವನಹಳ್ಳಿಯಲ್ಲಿ ಪದದ ಅರ್ಥ ಬದಲಾಗಿಲ್ಲ. ಆದರೆ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಬಳಿಕ ಭೂಮಿಯ ಬೆಲೆ ಏರಿ, ಚಕ್ಕೋತದ ಅನೇಕ ತೋಟಗಳು ಬಡಾವಣೆಗಳಾದವು.